ಜೇಬಿನಲ್ಲಿ ಬೀಗ

ಬೀಗ ರಿಪೇರಿಯವನಿಗೆ ಈ ಲೋಕದಲ್ಲಿ ಬೇಕಾಗಿದ್ದದ್ದು ಒಂದೇ: ಒಂದು ಚೊಂಬು ತಣ್ಣೀರು, ಗಟಗಟನೆ, ಯಾರೂ ತಡೆಯದೆ. ಕಿಡ್ನಿ ಕೈಕೊಟ್ಟ ಮೇಲೆ ಮೂತ್ರ ನಿಂತಿತ್ತು. ಕುಡಿದದ್ದೆಲ್ಲ ಮೈಯಲ್ಲೇ ಉಳಿಯುತ್ತಿತ್ತು. ಅದಕ್ಕೇ ಡಯಾಲಿಸಿಸ್ ಟೆಕ್ನಿಷಿಯನ್ ಅವನ ಹೆಂಡತಿಯನ್ನು ಪಕ್ಕಕ್ಕೆ ಕರೆದು, ನೀರು ಅಳೆದು ಕೊಡಿ ಎಂದಿದ್ದಳು. ಆ ಮಹಾತಾಯಿ ಫ್ರಿಜ್ಜಿಗೇ ಬೀಗ ಜಡಿದಳು, ಅದೂ ಗಂಡನ ಅಂಗಡಿಯದೇ ಬೀಗ. ಒಂದು ತಂತಿಯಿದ್ದರೆ ಅದನ್ನು ತೆಗೆಯುವುದು ಅವನಿಗೆ ಲೆಕ್ಕವೇ ಅಲ್ಲ. ಆದರೆ ಕುಡಿದ ಮಾರನೆಯ ದಿನ ಆಸ್ಪತ್ರೆಯ ತೂಕದ ಯಂತ್ರ ಚಾಡಿ ಹೇಳುತ್ತಿತ್ತು.

"ಮತ್ತೆ ನೀರು ಕುಡಿದಿದ್ದೀರಿ" ಎನ್ನುತ್ತಿದ್ದಳು ಟೆಕ್ನಿಷಿಯನ್, ವಾರ್ಡಿಗೆಲ್ಲ ಕೇಳುವಂತೆ. "ಇಲ್ಲಿರೋರೆಲ್ಲ ಬಾಯಿ ಕಟ್ಟಿಲ್ವಾ? ನಿಮಗೊಬ್ಬರಿಗೇ ಏನು ದಾಡಿ?"

"ನಿನ್ನ ಗಂಟಲು ಒಣಗಿದಾಗ ಗೊತ್ತಾಗುತ್ತೆ ಕಣಮ್ಮ."

ಅವಳ ಮುಖ ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಅವಳಿಗೂ ಅಷ್ಟೇ ಅನ್ನಿ.

ಆ ದಿನ ಅವನು ಕಿಲೋ ತೂಗುವ ಹಿತ್ತಾಳೆ ಬೀಗವೊಂದನ್ನು ಪ್ಯಾಂಟಿನ ಜೇಬಿಗೆ ಇಳಿಬಿಟ್ಟು ತೂಕಕ್ಕೆ ನಿಂತ. ಹೆಚ್ಚಿದ್ದೆಲ್ಲ ನೀರೆಂದುಕೊಂಡು ಅವಳು ಡಯಾಲಿಸಿಸ್ ಯಂತ್ರಕ್ಕೆ ಹೇಳುತ್ತಾಳೆ, ಯಂತ್ರ ಅಷ್ಟನ್ನೂ ಹಿಂಡುತ್ತದೆ. ಮನೆಗೆ ಹೋಗಿ ಬೀಗದ ತೂಕದಷ್ಟು ನೀರು ಕುಡಿದರೆ ನರಪಿಳ್ಳೆಗೂ ತಿಳಿಯುವುದಿಲ್ಲ. ಎಂಥ ತಲೆ ನೋಡಿ.

ಅವಳು ಬೈದಳು, ಬೈಯುತ್ತಲೇ ತೋಳಿಗೆ ಎರಡು ಸೂಜಿ ಚುಚ್ಚಿದಳು. ಒಂದರಿಂದ ಹೊರಟ ರಕ್ತ ಫಿಲ್ಟರಿನಲ್ಲಿ ಕಲ್ಮಶವನ್ನೂ ಹೆಚ್ಚಿನ ನೀರನ್ನೂ ಕಳೆದುಕೊಂಡು ಇನ್ನೊಂದರಿಂದ ಮೈಗೆ ಮರಳತೊಡಗಿತು. ಅವನು ಚೊಂಬನ್ನು ನೆನೆಯುತ್ತ ಮಲಗಿದ.

ಕೊನೆಕೊನೆಗೆ, ಹೆಚ್ಚಿಲ್ಲದ ನೀರನ್ನೂ ಯಂತ್ರ ಹಿಂಡತೊಡಗಿದಾಗ, ಮೀನಖಂಡ ಗಂಟು ಕಟ್ಟಿತು. ಮೈ ತಣ್ಣಗೆ ಬೆವತು ಕಣ್ಣಿಗೆ ಕತ್ತಲೆ ಕವಿಯಿತು. ಅವಳು ಓಡಿಬಂದು, ನೀರು ಹಿಂಡುವುದನ್ನು ನಿಲ್ಲಿಸಿ, ಮಂಚದ ತಲೆಭಾಗ ತಗ್ಗಿಸಿ, ಮೇಲೆ ತೂಗುತ್ತಿದ್ದ ಸಲೈನ್ ಬಿಟ್ಟಳು. ಕಾಲೆತ್ತಿ ತಿಕ್ಕುವಾಗ ಜೇಬಿನ ಬೀಗ ಠಣ್ಣೆಂದು ನೆಲಕ್ಕೆ ಬಿತ್ತು.

ಅವನು ಕಣ್ಣು ಬಿಟ್ಟಾಗ ಬೀಗ ಅವಳ ಕೈಯಲ್ಲಿತ್ತು.

"ಸಾಯೋದಾದ್ರೆ ಮನೇಲಿ ಸಾಯಿ. ನನ್ನ ಕೈಯಲ್ಲಿ ಬೇಡ."

ಅವನು ಮೇಲೆ ನೋಡಿದ. ಚೀಲದ ತಿಳಿನೀರು ನಳಿಗೆಯಲ್ಲಿ ಇಳಿದು ನೇರ ರಕ್ತಕ್ಕೆ ಸೇರುತ್ತಿತ್ತು. ಮೋಸ ಮಾಡಿ ತೆಗೆಸಿದ ನೀರು ವಾಪಸ್ಸು ಮೈಗೇ ಹೋಗುತ್ತಿತ್ತು, ಅದೂ ಉಪ್ಪು ಬೆರೆತು. ಗಂಟಲಿಗೆ ಮಾತ್ರ ಒಂದು ಹನಿಯೂ ಇಲ್ಲ.

"ನೀರು" ಎಂದ.

ಅವಳು ಹತ್ತಿಯ ತುಂಡೊಂದನ್ನು ಒದ್ದೆ ಮಾಡಿ ಅವನ ತುಟಿಗೆ ಒತ್ತಿದಳು.

"ಇಷ್ಟೇ."

ಅವನು ಜನ್ಮದಲ್ಲಿ ಯಾರನ್ನೂ ಅಷ್ಟು ದ್ವೇಷಿಸಿರಲಿಲ್ಲ. ಹತ್ತಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಒಣಗುವವರೆಗೂ ಚೀಪಿದ.