ಎರಡು ಬೆರಳಿನಷ್ಟು ದಾರಿ

ಮತ್ತೆ ಬಿತ್ತು, ಅತ್ತೆಯ ದಿಂಬಿನ ಪಕ್ಕಕ್ಕೇ, ಮಳೆ ನಿಂತು ಮೂರು ವಾರವಾಯಿತು, ಹೊರಗೆ ಮೋಡದ ಚೂರೂ ಇಲ್ಲ, ಆದರೂ ಇಳಿಜಾರು ಮಾಡಿನ ಹಲಗೆಯಿಂದ ಈ ತಣ್ಣನೆಯ ಹನಿ – ಸೋರ್ತಿರೋದಲ್ಲ ಅಕ್ಕ, ನಿಮ್ಮ ಉಸಿರು, ನಿಮ್ಮ ಬಚ್ಚಲಿನ ಹಬೆ, ಮೇಲಿನ ತಣ್ಣಗಿರೋ ಮರಕ್ಕೆ ತಾಗಿ ನೀರಾಗ್ತಿದೆ, ಹೊರಗೆ ಹೋಗೋಕೆ ದಾರಿನೇ ಇಲ್ಲ ಅಂದ ಮೇಸ್ತ್ರಿ – ದಾರಿ ಮುಚ್ಚಿದವರು ನಾವೇ, ನಾನೂ ನನ್ನ ಗಂಡನೂ, ಅವರು ಏಣಿಯ ಮೇಲೆ, ನಾನು ಕೆಳಗೆ, ಕೂದಲ ತುಂಬ ಚಳಿ ತಡೆಯುವ ಗಾಜಿನ ಉಣ್ಣೆಯ ಧೂಳು, ಅಮ್ಮನಿಗೆ ಚಳಿ ಆಗಬಾರದು ಎನ್ನುತ್ತ ತೊಲೆತೊಲೆಗಳ ನಡುವೆ ತುರುಕುತ್ತಿದ್ದಾರೆ, ಇನ್ನೊಂದು ಹಿಡಿ ಹಿಡಿಸತ್ತೆ ನೋಡಿ ಅಂದವಳು ನಾನು, ಹಿಡಿಸಿತು, ಮಾರನೆಯ ವರ್ಷ ಅವರೇ ಇಲ್ಲ – ಅಂದಿನಿಂದ ಅತ್ತೆಯದು ಒಂದೇ ಮಾತು, ನನ್ನ ಮಗ ಮಾಡಿದ್ದಕ್ಕೆ ಯಾರೂ ಕೈ ಹಚ್ಚಬೇಡಿ, ಕೆಮ್ಮುತ್ತಲೇ ಅದನ್ನೂ ಹೇಳುವುದು, ತಲೆಯ ಮೇಲೆ ಕಪ್ಪು ಬೂಷ್ಟು – ಸಾಕು, ನಿನ್ನೆ ತೊಲೆಗೆ ಚುಚ್ಚಿದ ಸ್ಕ್ರೂಡ್ರೈವರ್ ನೆನೆದ ಬ್ರೆಡ್ಡಿಗೆ ಇಳಿದಂತೆ ಇಳಿಯಿತು, ಇವತ್ತು ಬಿಚ್ಚುವುದೇ, ಅತ್ತೆ ಕುರ್ಚಿ ಎಳೆದುಕೊಂಡು ಕೋಣೆಯ ನಡುವೆ ಕೂತಿದ್ದಾರೆ, ಏಳುವುದಿಲ್ಲವಂತೆ, ಕೂತಿರಲಿ, ಅತ್ತೆ, ತುರುಕಿದ್ದು ಅವರೊಬ್ಬರೇ ಅಲ್ಲ, ನಾನೂ ತುರುಕಿದೆ, ಈಗ ನಾನೇ ತೆಗೀತೀನಿ ಅಂದೆ, ಕುರ್ಚಿ ಗೋಡೆಯ ಕಡೆಗೆ ಒಂದು ಮೊಳ ಸರಿಯಿತು, ಅಷ್ಟು ಸಾಕು – ಮೊದಲ ಹಲಗೆ, ಎರಡನೆಯದು, ಒದ್ದೆ ಉಣ್ಣೆ ಮುದ್ದೆಮುದ್ದೆಯಾಗಿ ಭುಜದ ಮೇಲೆ, ಅವರ ಬೆರಳು ಒತ್ತಿದ ಗುಂಡಿಗಳು ಇನ್ನೂ ಅದರಲ್ಲಿ, ನಿಲ್ಲಬಾರದು, ಎಳೆ, ಕೊಳೆತ ತೊಲೆಯ ಪಕ್ಕಕ್ಕೆ ಹೊಸ ತೊಲೆ ಜೋಡಿಸಿದೆವು, ಮೇಲಿನ ಮರಕ್ಕೂ ಹೊಸ ಉಣ್ಣೆಗೂ ನಡುವೆ ಎರಡು ಬೆರಳು ಖಾಲಿ ಬಿಡಬೇಕು, ಅದಕ್ಕೆ ಮರದ ಪಟ್ಟಿ ಬಡಿದೆ, ಕೆಳಗೆ ಸೂರಿನಂಚಿನಲ್ಲಿ ಉದ್ದಕ್ಕೆ ಸೀಳು, ಮೇಲೆ ಮಾಡಿನ ನೆತ್ತಿಯಲ್ಲಿ ಮೇಸ್ತ್ರಿಯ ಗರಗಸ, ಆಯ್ತಕ್ಕ, ಇಲ್ಲೂ ತೆರೀತು – ಗಾಳಿ ಹೋಗತ್ತೆ ಅಂತ ಹೇಗೆ ಗೊತ್ತಾಗೋದು ಅಂದರು ಅತ್ತೆ, ಕುರ್ಚಿ ಬಿಟ್ಟು ಕಿಟಕಿಯ ಬಳಿ ನಿಂತಿದ್ದಾರೆ, ಸೂರಿನಂಚಿನ ಸೀಳು ಕಿಟಕಿಯ ಮೇಲೆಯೇ ಇದೆ, ಹಳೆಯ ಸೀರೆಯ ಮಡಿಕೆಯಲ್ಲಿಟ್ಟಿದ್ದ ತೆಳು ಕಾಗದ ಹರಿದು, ಹೊರಗೆ ಬಾಗಿ ಸೀಳಿನ ಕೆಳಗೆ ಕೈ ಚಾಚಿ ಹಿಡಿದರು, ಸೊಂಟಕ್ಕೆ ನಾನು ಕೈ ಕೊಟ್ಟೆ, ದಾರಿ ಬಿಡು ಅಂತ ಅವನಿಗೂ ಯಾರಾದ್ರೂ ಹೇಳಬೇಕಿತ್ತು ಕಣೆ, ಪಾಪ, ಅಂದರು ಮೆಲ್ಲಗೆ, ಕಾಗದ ಜೋತುಬಿದ್ದಿತ್ತು, ಆಮೇಲೆ ಗಾಳಿಗೆ ತುದಿ ಎದ್ದಿತು, ಕಾಗದ ಮೇಲಕ್ಕೆ, ಸೀಳಿನ ಒಳಕ್ಕೆ, ಅತ್ತೆ ಬೆರಳು ಬಿಡುತ್ತಿಲ್ಲ, ಕಾಗದ ಮೇಲಕ್ಕೆ, ಕಾಗದ