ಕೆಂಪು ಪುಟ್ಟಿ

ಓಡುತ್ತಿದ್ದ ವ್ಯಾನನ್ನು ಕೊಟ್ಟು ಓಡದ ಕಾರನ್ನು ಮನೆಗೆ ತಳ್ಳಿಕೊಂಡು ಬಂದವನಿಗೆ ಏನೆನ್ನಬೇಕು? ಹೆಂಗಸರ ಬುದ್ಧಿ ಮೊಣಕಾಲ ಕೆಳಗೆ ಎಂದು ಆಡಿಕೊಳ್ಳುತ್ತಿದ್ದ ಕಾರು ಪೇಂಟರ್‌ನ ಬುದ್ಧಿ ಅವತ್ತು ಎಲ್ಲಿ ಹುಲ್ಲು ಮೇಯುತ್ತಿತ್ತೋ, ಹೆಂಡತಿ ಕೇಳಿದ್ದೇ ಕೇಳಿದ್ದು. ಕಂಪ್ರೆಸರು, ಬಣ್ಣದ ಡಬ್ಬ ಎಲ್ಲ ಆ ವ್ಯಾನಿನಲ್ಲೇ ತಿರುಗುತ್ತಿದ್ದವು. ಮನೆಯ ಒಲೆ ಉರಿಯುತ್ತಿದ್ದುದು ಅದರಿಂದ.

ಆ ಹಳೇ ಕಾರು ಔಷಧಿ ಅಂಗಡಿಯವನ ಶೆಡ್ಡಿನಲ್ಲಿ ಅರ್ಧ ಬಿಚ್ಚಿಕೊಂಡು ನಿಂತಿತ್ತು. ದೀಪಗಳು ರಟ್ಟಿನ ಪೆಟ್ಟಿಗೆಯಲ್ಲಿ, ಬೋಲ್ಟುಗಳು ಬಿಸ್ಕತ್ತಿನ ಡಬ್ಬದಲ್ಲಿ.

“ಮುಕ್ಕಾಲು ಪಾಲು ಆಗಿದೆ, ಜೋಡಿಸೋದಷ್ಟೇ ಬಾಕಿ. ನನಗೆ ಪುರುಸೊತ್ತಿಲ್ಲ” ಎಂದ ಅಂಗಡಿಯವನು.

ಬೇರೆ ಯಾರಾದರೂ ಆಗಿದ್ದರೆ ಕಾರಿನಡಿ ತೂರಿ ನೋಡುತ್ತಿದ್ದರು, ಒಳಗೆ ತಗಡಿದೆಯೋ ಇಲ್ಲವೋ ಎಂದು ಅಯಸ್ಕಾಂತ ಹಿಡಿದು ನೋಡುತ್ತಿದ್ದರು. ಪೇಂಟರ್ ಬೂದು ಪ್ರೈಮರಿನ ಮೇಲೆ ಅಂಗೈ ಸವರಿದ. ಎಲ್ಲೂ ಉಬ್ಬಿಲ್ಲ, ತಗ್ಗಿಲ್ಲ. ಯಾರದೋ ಒಳ್ಳೇ ಕೈ ಎಂದು ಕರಗಿಹೋದ. ಬಣ್ಣ ಹೊಡೆದು ಸಿನಿಮಾ ಶೂಟಿಂಗಿಗೆ ಬಾಡಿಗೆಗೆ ಬಿಟ್ಟರೆ ಕೂತು ಉಣ್ಣಬಹುದೆಂದು ಅಲ್ಲೇ ಸಹಿ ಹಾಕಿ ವ್ಯಾನಿನ ಕೀಲಿ ಕೊಟ್ಟ.

ಮೂರನೇ ದಿನ ಕಾರಿನ ಬಾಗಿಲು ಕೂರಿಸಹೋದರೆ ಕೀಲಿನ ಬುಡವೇ ಕಿತ್ತು ಕೈಗೆ ಬಂತು. ಒಳಗೆ ತಗಡೇ ಇಲ್ಲ. ತುಕ್ಕು ತಿಂದ ತೂತಿಗೆ ಗೋಣಿ ತುರುಕಿ, ತಂತಿ ಬಲೆ ಬಿಗಿದು, ಮೇಲೆ ತಗ್ಗು ತುಂಬುವ ಪುಟ್ಟಿಯನ್ನು ಬೆರಳು ದಪ್ಪ ಮೆತ್ತಿದ್ದರು. ಪೇಂಟರ್‌ಗೆ ಮೈಯೆಲ್ಲ ಉರಿದುಹೋಯಿತು. ಪುಟ್ಟಿಯ ಒಂದು ಹೆಂಟೆ ಎತ್ತಿಕೊಂಡು ಬೈಗುಳ ಕೂಡಿಸುತ್ತಾ ಔಷಧಿ ಅಂಗಡಿಗೆ ನಡೆದ. ಗಿರಾಕಿಗಳ ನಡುವೆ ನುಗ್ಗಿ ಅದನ್ನು ಕೌಂಟರಿನ ಮೇಲೆ ಕುಕ್ಕಿದ.

“ನಾಚಿಕೆ ಆಗಲ್ವೇನ್ರೀ? ಗೋಣಿ ತುಂಬಿದ ಕಾರು ಕೊಟ್ಟು ನನ್ನ ಹೊಟ್ಟೆ ಮೇಲೆ ಹೊಡೆದ್ರಲ್ಲ! ವ್ಯಾನ್ ವಾಪಸ್ ಕೊಡಿ!”

“ಕೂಗಾಡ್ಬೇಡಿ. ಅದನ್ನ ತಿರುಗಿಸಿ ನೋಡಿ.”

ಹೆಂಟೆಯ ಅಡಿಭಾಗ ಕೆಂಪಗಿತ್ತು. ಮೊದಲ ಪದರದ ಪುಟ್ಟಿಗೆ ಚಿಟಿಕೆ ಕೆಂಪು ಬಣ್ಣ ಬೆರೆಸುವುದು ಪೇಂಟರ್‌ನ ರೂಢಿ. ಉಜ್ಜುವಾಗ ಕೆಂಪು ಕಂಡರೆ ಕೈ ನಿಲ್ಲಿಸಬೇಕೆಂಬ ಗುರುತು. ಊರಲ್ಲಿ ಇನ್ಯಾರೂ ಹಾಗೆ ಮಾಡುವುದಿಲ್ಲವೆಂದು ವರ್ಕ್‌ಶಾಪುಗಳಲ್ಲೆಲ್ಲ ಅವನೇ ಜಂಬ ಕೊಚ್ಚಿದ್ದ. ವರ್ಷಗಳ ಹಿಂದೆ ಒಬ್ಬ ಬ್ರೋಕರು, ಒಳಗೆ ಹೇಗಾದರೂ ಇರಲಿ ಹೊರಗೆ ಮಿಂಚಬೇಕು ಎಂದು ಇವನ ಮುಂದೆ ಸಾಲಾಗಿ ಕಾರು ತಂದು ನಿಲ್ಲಿಸುತ್ತಿದ್ದ. ಅದರಲ್ಲಿ ಇದೂ ಒಂದು. ಆಗ ಬರೀ ತಗಡಿನ ಚಿಪ್ಪು, ನೆನಪಿಟ್ಟುಕೊಳ್ಳುವ ಗೋಜಿಗೇ ಅವನು ಹೋಗಿರಲಿಲ್ಲ.

“ನೀವು ಕೆಲಸ ಮಾಡಿಕೊಟ್ಟ ಬ್ರೋಕರ್ ಹತ್ರ ಇದನ್ನ ಕೊಂಡವನು ನಾನೇ” ಎಂದ ಅಂಗಡಿಯವನು. “ ನಮ್ಮಪ್ಪನ್ನ ಅದರಲ್ಲಿ ಕೂರಿಸ್ಬೇಕು ಅಂತ ಆಸೆ ಇತ್ತು. ಅಪ್ಪ ಹೋದ್ರು, ಕಾರು ರಸ್ತೆಗೆ ಇಳೀಲೇ ಇಲ್ಲ. ಒಂದು ಕಡೆ ಪುಟ್ಟಿ ಎದ್ದು ಈ ಕೆಂಪು ಕಂಡ ದಿನದಿಂದ, ಇದು ಯಾರ ಕೈ ಅಂತ ವರ್ಕ್‌ಶಾಪು ವರ್ಕ್‌ಶಾಪು ಅಲೆದು ನಿಮ್ಮನ್ನ ಹುಡುಕಿದೀನಿ. ನಿಮ್ಮ ಸಾಮಾನು ನಿಮಗೇ ಸೇರ್ತು. ವ್ಯಾನ್ ಸಿಗಲ್ಲ, ಹೊರಡಿ.”

“ಮಾಡಿದ್ದುಣ್ಣೋ ಮಹರಾಯ” ಎಂದಳು ಮಾತ್ರೆಗೆ ಕಾದು ನಿಂತಿದ್ದ ಒಬ್ಬ ಅಜ್ಜಿ.

ಪೇಂಟರ್ ಹೆಂಟೆ ಎತ್ತಿಕೊಂಡು ಮನೆ ಕಡೆ ಹೊರಟ. ಕೂಡಿಸಿಟ್ಟ ಬೈಗುಳಗಳಲ್ಲಿ ಯಾವುದನ್ನು ಬೈದರೂ ಅವನಿಗೇ ತಗಲುತ್ತಿತ್ತು.

ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. “ಎಲ್ರೀ ವ್ಯಾನು? ಏನಂದ ಆ ಕಳ್ಳ?”

“ಕಳ್ಳ ಅವನಲ್ಲ ಕಣೇ. ಆ ಗೋಣಿ ತುರುಕಿದ್ದು ನಾನೇ. ಅದಕ್ಕೇ ಹುಡುಕಿ ಹುಡುಕಿ ನನಗೇ ಕೊಟ್ಟಿದಾನೆ.”

ಅವಳು ಗಂಡನನ್ನು ಒಳಗೆಳೆದು ಬಾಗಿಲು ಹಾಕಿದಳು.

“ಹಾಗಾದ್ರೆ ಇನ್ನೂ ಎಷ್ಟು ಜನ ನಿಮ್ಮನ್ನ ಹುಡುಕ್ತಿದಾರೆ?”