ಇನ್‌ಕ್ಯುಬೇಟರಿನ ನೀರು

ಕಂಪ್ಯೂಟರಿನ ಪರದೆಯಲ್ಲಿ ಎರಡೂ ಗೆರೆಗಳು ಕೆಳಕ್ಕೆ ಬಿದ್ದವು. ಬೆಳ್ಳಿಪುಡಿ ಹಾಕಿದ ತಟ್ಟೆಯ ಗೆರೆ ಬಿದ್ದರೆ ಸರಿ, ಏನೂ ಹಾಕದ ತಟ್ಟೆಯದೂ ಅದರ ಬೆನ್ನಿಗೇ ಬಿದ್ದಿತ್ತು. ತೃಪ್ತಿ ಕಂಪ್ಯೂಟರಿನ ನೆತ್ತಿಗೆ ಎರಡು ಸಲ ಕುಟ್ಟಿದಳು, ತಪ್ಪು ಅದರದೇ ಎಂಬಂತೆ.

ಗೋಕಾಕದ ಕಾಲೇಜಿನ ಆ ಕೋಣೆಯಲ್ಲಿ ಇದು ಐದನೆಯ ಸಲ. ಹೇಳುವುದಕ್ಕೆ ಕೆಲಸ ಸುಲಭ: ಚಿನ್ನದ ಲೇಪವಿರುವ ಪುಟ್ಟ ತಟ್ಟೆಯಲ್ಲಿ ಜೀವಕೋಶಗಳನ್ನು ಬೆಳೆಸಿ, ಚೂರೇ ಚೂರು ವಿದ್ಯುತ್ ಹರಿಸಬೇಕು. ಬದುಕಿರುವ ಕೋಶಗಳು ಅದನ್ನು ತಡೆಯುತ್ತವೆ, ಗೆರೆ ಮೇಲಿರುತ್ತದೆ, ಸತ್ತರೆ ಇಳಿಯುತ್ತದೆ. ಮೂಡಲಗಿ ಕಡೆಯ ಶಾಲೆಗಳ ನೀರಿನ ಫಿಲ್ಟರಿಗೆ ಕಂಪನಿಯೊಂದು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳ ಬೆಳ್ಳಿಪುಡಿ ಸವರಲು ಹೊರಟಿತ್ತು. ಅದು ಮಕ್ಕಳ ಹೊಟ್ಟೆಗೆ ವಿಷವೋ ಅಲ್ಲವೋ ಎಂದು ತೃಪ್ತಿ ಹೇಳಬೇಕಿತ್ತು. ಏನೂ ಹಾಕದಿದ್ದರೂ ಕೋಶಗಳು ಸಾಯುವಾಗ ಏನೆಂದು ಹೇಳುವುದು? "ನಿನ್ನ ಕೈಗುಣಾನ ಸರಿ ಇಲ್ಲವ್ವಾ" ಎಂದು ಬೆಳಗಾವಿಯ ಗೈಡ್ ಫೋನಿನಲ್ಲಿ ನಕ್ಕಿದ್ದರು. ಪುಣೆಯಿಂದ ತರಿಸಿದ ಕೋಶಗಳಲ್ಲಿ ಇವೇ ಕೊನೆಯವು. ಇವೂ ಹೋದ ಮೇಲೆ ಇನ್ನು ಸೋಮವಾರ ಕೋಣೆ ಖಾಲಿ ಮಾಡಬೇಕು, ಮೂರು ವರ್ಷದ ಪಿಎಚ್‌ಡಿಗೆ ಎಳ್ಳುನೀರು ಬಿಡಬೇಕು. ಅಳುವುದಕ್ಕಿಂತ ಏನನ್ನಾದರೂ ಒಡೆಯಬೇಕು ಅನ್ನಿಸಿತು ಅವಳಿಗೆ.

ಒಡೆಯುವ ಬದಲು ಕೋಶಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರಿನ ಬಾಗಿಲು ತೆರೆದಳು. ಲವಂಗದ ವಾಸನೆ ಮೂಗಿಗೆ ಬಡಿಯಿತು. ತಿಂಗಳುಗಟ್ಟಲೆ ಬಡಿದಿತ್ತು, ತನ್ನೂರು ಬೆಲ್ಲದ ಬಾಗೇವಾಡಿಯ ಮನೆಯ ವಾಸನೆಯೆಂದು ಹಿತವಾಗಿತ್ತೇ ಹೊರತು ಅನುಮಾನ ಬಂದಿರಲಿಲ್ಲ. ಒಳಗಿನ ಗಾಳಿ ಒಣಗದಿರಲೆಂದು ಕೆಳಗಿಡುವ ನೀರಿನ ಟ್ರೇಯನ್ನು ಎಳೆದು ನೋಡಿದಳು. ತಳದಲ್ಲಿ ಹತ್ತು ಹನ್ನೆರಡು ಲವಂಗ.

"ಕಾಕಾ!"

ದಿನಾ ಆ ನೀರು ತುಂಬುವ ಅಟೆಂಡರ್ ಆಬಾಸಾಹೇಬ ಓಡಿ ಬಂದರು.

"ಇದರಾಗ ಲವಂಗ ಯಾರು ಹಾಕಿದ್ರಿ?"

"ನಾನ ಹಾಕೀನ್ರಿ ಅಕ್ಕಾರ. ನೀರು ಅರಿವಿ ಬಟ್ಟಿಲೆ ಸೋಸಿ, ಲವಂಗ ಹಾಕೇ ಇಡತೇನಿ. ನಿಂತ ನೀರಾಗ ಜೀವ ಹುಟ್ಟತಾವಲ್ರಿ, ಸುಮ್ನ ಹಿಂಸಾ. ಮಹಾರಾಜರು ಆಹಾರಕ್ಕ ಬಂದಾಗ ನಿಮ್ಮ ಮನ್ಯಾಗೂ ಹಾಕತಾರಲ್ಲ?"

ಹಾಕುತ್ತಿದ್ದರು. ಜೈನ ಮುನಿಗಳು ಆಹಾರಕ್ಕೆ ಬರುವ ದಿನ ಅವ್ವ ಜಿನ್ನವ್ವ ಲವಂಗ ಕುಟ್ಟಲು ಇವಳನ್ನೇ ಕೂರಿಸುತ್ತಿದ್ದಳು. ಗೊತ್ತಿದ್ದೂ ಗೊತ್ತಾಗಲಿಲ್ಲವಲ್ಲ ಎಂದು ತೃಪ್ತಿಗೆ ಮೈಯೆಲ್ಲ ಉರಿಯಿತು.

"ಅದರ ಘಾಟಿಗೇ ನನ್ನ ಕೋಶ ಎಲ್ಲಾ ಸತ್ತಾವ್ರಿ! ಐದು ಸಲ! ಯಾರನ್ನ ಕೇಳಿ ಹಾಕಿದ್ರಿ?"

ಆಬಾಸಾಹೇಬ ಟ್ರೇಯನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು. "ಅವಕ್ಕೂ ಜೀವ ಇತ್ತೇನ್ರಿ?"

"ಮತ್ತ? ಒಂದೊಂದು ತಟ್ಟಿಯೊಳಗ ಲಕ್ಷ ಲಕ್ಷ ಇದ್ದುವು."

ಬೈದದ್ದು ಸಾಲದೆಂದೇ ಅವಳಿಗೆ ಇನ್ನೂ ಅನ್ನಿಸುತ್ತಿತ್ತು. ಸತ್ತ ಕೋಶಗಳನ್ನು ಹಾಗೇ ಚೆಲ್ಲುವಂತಿಲ್ಲ, ಬ್ಲೀಚ್ ಸುರಿದು ಚೆಲ್ಲಬೇಕು. ಬಾಟಲಿಯ ಮುಚ್ಚಳ ತಿರುವಿದಳು.

"ಜರಾ ತಡೀರಿ ಅಕ್ಕಾರ."

ಆಬಾಸಾಹೇಬ ಚಪ್ಪಲಿ ಬಾಗಿಲಾಚೆ ಬಿಟ್ಟು ಬಂದು, ತಟ್ಟೆಗಳ ಮುಂದೆ ಕೈಮುಗಿದು, ಸಾಯುವವರ ಕಿವಿಯಲ್ಲಿ ಹೇಳುವ ಣಮೋಕಾರ ಮಂತ್ರ ಶುರುಮಾಡಿದರು. ಪಕ್ಕದ ಕೋಣೆಯಲ್ಲಿ ಫೋನು ರಿಂಗಾಯಿತು. ಬೆಳಗಾವಿಯ ಗೈಡೇ ಇರಬೇಕು. ರಿಂಗಾಗಿ ರಿಂಗಾಗಿ ನಿಂತಿತು, ಮತ್ತೆ ರಿಂಗಾಗತೊಡಗಿತು. ತೃಪ್ತಿ ಹಲ್ಲು ಕಚ್ಚಿಕೊಂಡು, ಬಾಟಲಿ ಹಿಡಿದು, ಅವರ ತುಟಿ ನಿಲ್ಲುವುದನ್ನೇ ಕಾಯುತ್ತ ನಿಂತಳು.